ಏಳೇ ದಿನ ತೆರೆದಿರುವ ಬಾಗಿಲು

2018ರ ಮೇ 26, ಶನಿವಾರ. ಡಬ್ಲಿನ್ ಕ್ಯಾಸಲ್ ಅಂಗಳದಲ್ಲಿ ಜನ ಅಳುತ್ತಾ ನಗುತ್ತಾ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಗರ್ಭಪಾತಕ್ಕೆ ಅಡ್ಡವಾಗಿದ್ದ, ಐರ್ಲೆಂಡ್ ಸಂವಿಧಾನದ 8ನೇ ತಿದ್ದುಪಡಿಯನ್ನು ತೆಗೆಯೋಣ ಅಂತ ಶೇ. 66.4ರಷ್ಟು ಮತ ಬಿದ್ದಿತ್ತು. ಊರೊಳಗಿನ ಒಂದು ಗೋಡೆಯ ಮೇಲೆ ಸವಿತಾ ಹಾಲಪ್ಪನವರ ಅವರ ದೊಡ್ಡ ಚಿತ್ರ. ಅದರ ಸುತ್ತ ನೂರಾರು ಬಣ್ಣದ ಚೀಟಿಗಳು. 'ಕ್ಷಮಿಸು', 'ನಿನಗಾಗಿ ಮತ ಹಾಕಿದೆ' ಅಂತ ಯಾರ್ಯಾರೋ ಬರೆದು ಅಂಟಿಸಿದ್ದರು.

ಸವಿತಾ ನಮ್ಮ ಬೆಳಗಾವಿಯ ಹೆಣ್ಣುಮಗಳು. ಬಸುರು ಉಳಿಯುವುದಿಲ್ಲ ಅಂತ ಗೊತ್ತಾದ ಮೇಲೂ ಗರ್ಭಪಾತ ಸಿಗದೆ, ನಂಜೇರಿ 2012ರಲ್ಲಿ ಐರ್ಲೆಂಡಿನಲ್ಲೇ ತೀರಿಕೊಂಡರು. ಹಾಗಾಗಿ ಧಾರವಾಡದಲ್ಲಿದ್ದ ಅವ್ವನಿಗೂ ಈ ಮತದಾನದ ಮೇಲೆ ಕಣ್ಣಿತ್ತು.

"ಕಾನೂನು ಬದಲಾತಿಲ್ಲೋ?" ಅಂದಳು.

"ಇನ್ನೂ ಇಲ್ಲವ್ವಾ. ರಾಷ್ಟ್ರಪತಿ ಸಹಿ ಹಾಕಬೇಕು."

ಸಹಿ ಬಿದ್ದದ್ದು ಸೆಪ್ಟೆಂಬರ್ 18ಕ್ಕೆ. ಅಲ್ಲಿಯವರೆಗೆ ಫೋನ್ ಮಾಡಿದಾಗೆಲ್ಲ ಅದೇ ಪ್ರಶ್ನೆ: "ಮಂದಿ ಹೂಂ ಅಂದಮ್ಯಾಲೆ ಇನ್ನ ಯಾತಕ್ಕ ಕಾಯೂದು?"

ಕಾಯುತ್ತಿದ್ದದ್ದು ಕೋರ್ಟಿಗಾಗಿ. ಐರ್ಲೆಂಡಿನಲ್ಲಿ ಜನರ ಮತವಿಲ್ಲದೆ ಸಂವಿಧಾನದ ಒಂದು ಅಕ್ಷರವನ್ನೂ ಬದಲಿಸುವಂತಿಲ್ಲ. ಎಣಿಕೆ ಮುಗಿದ ಮೇಲೆ ಮೊದಲು ಬರುವುದು ತಾತ್ಕಾಲಿಕ ಪ್ರಮಾಣಪತ್ರ. ಅದು ಗೆಜೆಟ್‌ನಲ್ಲಿ ಪ್ರಕಟವಾದ ಏಳು ದಿನದೊಳಗೆ ತಕರಾರು ಇದ್ದವರು ಹೈಕೋರ್ಟಿಗೆ ಹೋಗಬೇಕು. ನಮ್ಮಲ್ಲಿ ಎಂಎಲ್ಎ ಚುನಾವಣೆ ಪ್ರಶ್ನಿಸುವುದಕ್ಕೇ 45 ದಿನ ಕೊಡುತ್ತಾರೆ, ಇಲ್ಲಿ ಇಡೀ ಸಂವಿಧಾನದ ವಿಷಯಕ್ಕೆ ಒಂದು ವಾರ! ಅದರಲ್ಲೂ ನೇರವಾಗಿ ಅರ್ಜಿ ಹಾಕುವಂತಿಲ್ಲ. ಅರ್ಜಿ ಹಾಕಲು ಅನುಮತಿ ಕೊಡಿ ಅಂತ ಮೊದಲು ಕೇಳಬೇಕು. ಅಕ್ರಮ, ಲೋಪ ಅಥವಾ ತಪ್ಪು ನಡೆದಿದೆ, ಅದರಿಂದಲೇ ಫಲಿತಾಂಶ ಏರುಪೇರಾಗಿದೆ, ಇವೆರಡಕ್ಕೂ ಮೇಲ್ನೋಟದ ಸಾಕ್ಷ್ಯ ತೋರಿಸಿದರೆ ಮಾತ್ರ ಒಳಗೆ ಪ್ರವೇಶ. ಆ ವರ್ಷ ಮೂವರು ಹೋದರು. ಮತದಾರರ ಪಟ್ಟಿ ಸರಿಯಿಲ್ಲ ಅನ್ನುವುದು ಒಂದು ದೂರು. ಮತದ ಅಂತರವೋ ಏಳು ಲಕ್ಷಕ್ಕಿಂತ ಜಾಸ್ತಿ. ಯಾರಿಗೂ ಅನುಮತಿ ಸಿಗಲಿಲ್ಲ. ಮೇಲ್ಮನವಿಗಳೂ ಬಿದ್ದುಹೋದವು.

ಅದು ಸುಲಭದ ಲೆಕ್ಕ, ಬಿಡಿ. ನನ್ನ ತಲೆ ಕೊರೆಯುವುದು ವಿಚ್ಛೇದನಕ್ಕೆ ಅವಕಾಶ ಕೊಡಬೇಕಾ ಅಂತ 1995ರಲ್ಲಿ ನಡೆದ ಮತದಾನ. 16 ಲಕ್ಷಕ್ಕೂ ಹೆಚ್ಚು ಮತಗಳಲ್ಲಿ 'ಹೌದು' ಗೆದ್ದದ್ದು ಬರೀ 9,114ರಿಂದ. ಮತದಾನಕ್ಕೆ ಒಂದು ವಾರ ಇರುವಾಗ ಸುಪ್ರೀಂ ಕೋರ್ಟೇ ಸರ್ಕಾರದ ಕಿವಿ ಹಿಂಡಿತ್ತು. ಜನರ ದುಡ್ಡಿನಲ್ಲಿ ಒಂದೇ ಕಡೆಯ ಪರ ಪ್ರಚಾರ ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂತ. ತಪ್ಪು ಸಾಬೀತಾಗಿತ್ತು, ಅಂತರ ಕೂದಲೆಳೆಯಷ್ಟಿತ್ತು. ಮಾಜಿ ಸೆನೆಟರ್ ಡೆಸ್ ಹ್ಯಾನಫಿನ್ ಕೋರ್ಟಿಗೆ ಹೋದರು. ಆದರೂ ಸೋತರು. ಆ ಪ್ರಚಾರದಿಂದಲೇ ಫಲಿತಾಂಶ ತಿರುಗಿತು ಅನ್ನುವುದಕ್ಕೆ ಸಾಕ್ಷ್ಯ ಎಲ್ಲಿ ಅಂತ ಕೋರ್ಟ್ ಕೇಳಿತು. ಸರ್ಕಾರ ದುಡ್ಡು ಸುರಿಯುತ್ತಿದ್ದಾಗಲೇ ಸಮೀಕ್ಷೆಗಳಲ್ಲಿ 'ಹೌದು' ಕಡೆಯ ಬೆಂಬಲ ಇಳಿಯುತ್ತಾ ಬಂದಿತ್ತು, ಅದು ನಿಜ. ಆದರೆ ಮತ ಗುಟ್ಟಿನದು ಅಲ್ವಾ? ಪರದೆ ಹಿಂದೆ ಹೋಗಿ ಗುರುತು ಹಾಕಿದವನ ಮನಸ್ಸು ಯಾವ ಜಾಹೀರಾತಿಗೆ ತಿರುಗಿತು ಅಂತ ಯಾರು ತಾನೇ ತೋರಿಸಿಯಾರು?

2012ರ ಮಕ್ಕಳ ಹಕ್ಕಿನ ಮತದಾನದಲ್ಲೂ ಇದೇ ಕಥೆ. ಸರ್ಕಾರದ ಕೈಪಿಡಿ ನಿಷ್ಪಕ್ಷಪಾತವಾಗಿಲ್ಲ ಅಂತ ಮತದಾನಕ್ಕೆ ಎರಡೇ ದಿನ ಮುಂಚೆ ಸುಪ್ರೀಂ ಕೋರ್ಟ್ ಹೇಳಿತು. ಶೇ. 58 ಜನ 'ಹೌದು' ಅಂದರು. ಒಬ್ಬ ಮಹಿಳೆ ತಕರಾರು ತೆಗೆದರು. ಅದು ಬಗೆಹರಿದು ತಿದ್ದುಪಡಿಗೆ ಸಹಿ ಬಿದ್ದಾಗ 2015ರ ಏಪ್ರಿಲ್. ಒಂದು ಸಮಾಧಾನ ಅಂದರೆ ಆ ತೀರ್ಪಿನಲ್ಲಿ ಅಳತೆ ಸ್ವಲ್ಪ ಬಿಡಿಸಿ ಹೇಳಿದರು: ಫಲಿತಾಂಶ ಖಂಡಿತ ಬದಲಾಗುತ್ತಿತ್ತು ಅಂತ ತೋರಿಸಬೇಕಿಲ್ಲ, ಬದಲಾಗಿರುವುದು ನಂಬುವಂಥ ಸಾಧ್ಯತೆಯಾದರೆ ಸಾಕು. ಆ ಮಹಿಳೆಗೆ ಅದೂ ದಕ್ಕಲಿಲ್ಲ.

ನಮಗೆ ಇದು ವಿಚಿತ್ರ ಅನ್ನಿಸೋದು ಸಹಜ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯ ಮೊಕದ್ದಮೆಯಲ್ಲಿ, 1973ರಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಅಂತ ನಮ್ಮ ಸುಪ್ರೀಂ ಕೋರ್ಟ್ ಗೆರೆ ಎಳೆಯಿತು. ಇಲ್ಲಿ ಆ ಗೆರೆ ಇಲ್ಲ. ಮತದಾನ ಸರಿಯಾಗಿ ನಡೆಯಿತಾ ಅಂತ ಕೋರ್ಟ್ ಕೇಳುತ್ತದೆ, ಜನ ಹೇಳಿದ್ದು ಸರಿಯಾ ಅಂತ ಕೇಳುವುದಿಲ್ಲ. ಅದು ನನಗೆ ಒಪ್ಪಿಗೆಯೇ. ತಪ್ಪು ಮಾಡಿದ ಸರ್ಕಾರಕ್ಕೆ ಬರೀ ಬೈಗುಳದಲ್ಲಿ ಮುಗಿಯುವುದು ಮಾತ್ರ ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ.

2018ರಲ್ಲಿ ನನಗೆ ಮತ ಇರಲಿಲ್ಲ. ಇಂಥ ಮತದಾನ ಇಲ್ಲಿನ ಪೌರರಿಗೆ ಮಾತ್ರ. ಪೌರತ್ವ ಸಿಕ್ಕ ಮೇಲೆ 2024ರ ಮಾರ್ಚ್ 8ರಂದು ಮೊದಲ ಸಲ ಹೋದೆ. ಪ್ರೈಮರಿ ಶಾಲೆಯ ಕೋಣೆ, ಎರಡು ಮತಪತ್ರ, ದಾರ ಕಟ್ಟಿದ ಪೆನ್ಸಿಲ್. ಬೆರಳಿಗೆ ಶಾಯಿಯೂ ಇಲ್ಲ. ಮರುದಿನದ ಎಣಿಕೆಯಲ್ಲಿ ಎರಡೂ ತಿದ್ದುಪಡಿಗಳು ದೊಡ್ಡ ಅಂತರದಲ್ಲಿ ಸೋತವು. ರಾತ್ರಿ ಅವ್ವನಿಗೆ ಹೇಳಿದೆ.

"ಪೆನ್ಸಿಲ್ಲಾ? ಯಾರರೆ ಅಳಿಸಿದ್ರ?" ಅಂದಳು.

"ಏಳು ದಿನ ಟೈಮ್ ಐತವ್ವಾ" ಅಂದೆ.