ಮೇಕೆ ತೊಗಲಿನ ಹೆದೆ

ಮೈಸೂರು, 16 ಫೆಬ್ರವರಿ 2025, ಭಾನುವಾರ

ಬಿಲ್ಲಿಗೆ ತೊಗಲಿನ ಹೆದೆ ಹೊಸೆಯಲು ಶಿವರಾತ್ರಿ ಆಸುಪಾಸಿನ ದಿನಗಳೇ ಸರಿ. ಗಾಳಿಯಲ್ಲಿ ಪಸೆ ಇರಲ್ಲ, ಬಿಸಿಲೂ ಇನ್ನೂ ಸುಡಲ್ಲ.

ಮೇಕೆ ಚರ್ಮ ಇವತ್ತು ಸುಣ್ಣದ ನೀರಿನಿಂದ ಹೊರಗೆ ಬಂತು. (ಹಳೆಯ ಕಾಲದ ಜಿಂಕೆ ಚರ್ಮದ ಮಾತು ಬೇಡ, 1972ರ ವನ್ಯಜೀವಿ ಕಾಯ್ದೆ ಇದೆ.) 10 ಲೀಟರ್ ನೀರಿಗೆ ಅರ್ಧ ಕಿಲೋ ಸುಣ್ಣ, 3-4 ದಿನ, ಬೆಳಿಗ್ಗೆ ಸಂಜೆ ಕದಡಬೇಕು, ಕೈಗೆ ಗ್ಲೌಸ್ ಇರಲಿ. ಕೂದಲು ಬೆರಳಲ್ಲೇ ಕಿತ್ತುಬಂದರೆ ತೆಗೆದುಬಿಡಿ. ಇನ್ನೂ ಬಿಟ್ಟರೆ ನಾರು ಸಡಿಲವಾಗುತ್ತೆ. ಆಮೇಲೆ ಮಾಂಸದ ಕಡೆ ಹೆರೆದು, ನೀರು ಬದಲಿಸುತ್ತಾ ತೊಳೆದು, ಕೊನೆಗೆ ಗೋಧಿ ತೌಡು ಕಲಸಿದ ನೀರಲ್ಲಿ ಒಂದು ರಾತ್ರಿ. ಸುಣ್ಣ ಉಳಿದ ಚರ್ಮ ರಬ್ಬರಿನಂತೆ ಪುಟಿಯುತ್ತೆ; ಸುಣ್ಣ ಪೂರ್ತಿ ಹೋಗಿದ್ದರೆ ಹೆಬ್ಬೆರಳು ಒತ್ತಿದ ಗುರುತು ಹಾಗೇ ನಿಲ್ಲುತ್ತೆ. ಹದ ಹಾಕಿದ (ಚೀಲ, ಚಪ್ಪಲಿಗೆ ಬಳಸುವ) ಚರ್ಮ ಮಾತ್ರ ಬೇಡವೇ ಬೇಡ, ಅದು ಹಿಗ್ಗುತ್ತಲೇ ಇರುತ್ತೆ.

ಬೆನ್ನಿನ ಭಾಗವೇ ಬೇಕು, ಹೊಟ್ಟೆಯ ಕಡೆ ಜಾಳು. 25 ಸೆಂ.ಮೀ. ಅಡ್ಡಳತೆಯ ವೃತ್ತ ಕತ್ತರಿಸಿ, ಹೊರಅಂಚಿನಿಂದ ಸುತ್ತುತ್ತಾ 8 ಮಿ.ಮೀ. ಬಾರು ಸೀಳಿದರೆ ಸುಮಾರು ಐದೂವರೆ ಮೀಟರ್ ಸಿಗುತ್ತೆ. ಐದೂವರೆ ಅಡಿ ಬಿಲ್ಲಿಗೆ ಎರಡೆಳೆ ಹೆದೆ, ಕುಣಿಕೆ ಸೇರಿ, ಇದರಲ್ಲಿ ಆಗುತ್ತೆ. ಹಲಗೆಗೆ ಚಾಕು ನೆಟ್ಟು, 8 ಮಿ.ಮೀ. ಆಚೆ ಒಂದು ಮೊಳೆ ಹೊಡೆದು, ಚಾಕುವನ್ನಲ್ಲ, ಚರ್ಮವನ್ನು ಎಳೆಯಬೇಕು. ಒಂದು ಕಡೆ 6 ಮಿ.ಮೀ.ಗೆ ಇಳಿದರೂ ಸಾಕು, ಹುರಿಯೆಲ್ಲ ಅಲ್ಲೇ ಸೇರಿಕೊಳ್ಳುತ್ತೆ, ಹರಿಯುವುದೂ ಅಲ್ಲೇ.

ಹೊಸೆಯುವಾಗ ಬಾರು ಒದ್ದೆಯಾಗಿರಬೇಕು, ನೀರು ತೊಟ್ಟಿಕ್ಕಬಾರದು. ಎರಡೂ ಎಳೆಗೆ ಬಲಕ್ಕೆ ಹುರಿ, ಜೋಡಿಸುವಾಗ ಎಡಕ್ಕೆ. ಮೇಲಿನ ಕುಣಿಕೆಯನ್ನು ಹಸಿಯಿರುವಾಗಲೇ ಹಾಕಬೇಕು, ಒಣಗಿದರೆ ಗಂಟು ಬಗ್ಗಲ್ಲ. ತೊಲೆಗೆ ಕಟ್ಟಿ 10 ಕಿಲೋ ತೂಕ ಇಳಿಬಿಟ್ಟು ತೆಂಗಿನ ನಾರಿನಿಂದ ಉಜ್ಜಿದರೆ ಅಂಚುಗಳು ಕೂತು ದುಂಡಗಾಗುತ್ತೆ. ತೂಕದ ಕೊಕ್ಕೆಗೆ ಅಡ್ಡಗೋಲು ಕಟ್ಟಿ ಗೋಡೆಗೆ ತಾಗಿಸಿ ಇಡಿ. ಇಲ್ಲದಿದ್ದರೆ ರಾತ್ರಿಯೆಲ್ಲ ತೂಕ ತಿರುಗಿ ಬೆಳಿಗ್ಗೆಗೆ ಹುರಿ ಬಿಚ್ಚಿರುತ್ತೆ.

ನೆರಳಲ್ಲೇ ಒಣಗಬೇಕು. ಬೆಂಕಿ, ಹೀಟರ್ ಕಂಡರೆ ಒದ್ದೆ ಚರ್ಮ 60 ಡಿಗ್ರಿ ದಾಟುತ್ತಲೇ ಮುದುಡಿ ಅಂಟಾಗುತ್ತೆ. ಒಣಗಿದ ಮೇಲೆ ಒದ್ದೆ ಬಟ್ಟೆ ಸುತ್ತಿ, ತೂಕ 15 ಕಿಲೋಗೆ ಏರಿಸಿ ಮತ್ತೊಮ್ಮೆ ಒಣಗಿಸಬೇಕು. ಹಿಗ್ಗುವುದೆಲ್ಲ ಇಲ್ಲೇ ಹಿಗ್ಗಲಿ, ಬಿಲ್ಲಿನ ಮೇಲಲ್ಲ. ಈ ಎರಡನೇ ಸುತ್ತು ಬಿಟ್ಟವರೇ ತೊಗಲಿನ ಹೆದೆ ನಿಲ್ಲಲ್ಲ ಅನ್ನುವುದು.

ಲೇಪಕ್ಕೆ ಜೇನುಮೇಣ ಎರಡು ಪಾಲು, ಕುರಿಕೊಬ್ಬು ಒಂದು ಪಾಲು. ಪೂರ್ತಿ ಒಣಗಿದ ಹೆದೆಗೆ ಹಚ್ಚಿ ಬಟ್ಟೆಯಲ್ಲಿ ಬಿಸಿಯೇರುವಂತೆ ತಿಕ್ಕಬೇಕು. ಒಳಗೆ ತೇವ ಇದ್ದು ಮೇಲೆ ಮೇಣ ಕೂತರೆ ಕೊಳೆಯುತ್ತೆ, ಮೂಗಿಗೇ ಗೊತ್ತಾಗುತ್ತೆ. ಹರಳೆಣ್ಣೆ, ಹೊಂಗೆಣ್ಣೆ ಕುಡಿಸಿದರೆ ಚರ್ಮ ಮೆತ್ತಗಾಗಿ ಹಿಗ್ಗುತ್ತೆ. ಬಾಣ ಕೂರುವ ಜಾಗಕ್ಕೆ ರೇಷ್ಮೆ ದಾರ ಸುತ್ತಿದರೆ ಸವೆತ ಕಡಿಮೆ.

ಎಷ್ಟೇ ಮೇಣ ಹಚ್ಚಿದರೂ ಮಳೆಗಾಲದಲ್ಲಿ ಇದು ಸಡಿಲವಾಗುತ್ತೆ. ಕೌಟಿಲ್ಯನ ಅರ್ಥಶಾಸ್ತ್ರ ಹೆದೆಗೆ ಹೇಳುವ ವಸ್ತುಗಳಲ್ಲಿ ಮೂರ್ವೆ (ನಾರಿನ ಗಿಡ), ಎಕ್ಕ, ಸಣಬು, ಬಿದಿರು, ಸ್ನಾಯು (ಪ್ರಾಣಿಯ ಸ್ನಾಯುರಜ್ಜು) ಎಲ್ಲ ಬರುತ್ತೆ, ಹಸಿ ತೊಗಲು ಬರಲ್ಲ. ಜೂನ್‌ನಿಂದ ಸಣಬಿನ ಹೆದೆಯೇ ವಾಸಿ. ಕೆಳಗಿನ ಕೊಪ್ಪಿಗೆ (ಬಿಲ್ಲಿನ ತುದಿಗೆ) ಗಂಟಿನ ಬದಲು ಜಾರುಕುಣಿಕೆ ಹಾಕಿದ್ದರೆ ಸಡಿಲವಾದಾಗ ಬಿಗಿಯಬಹುದು. ಹಿಡಿಗೂ ಹೆದೆಗೂ 15 ಸೆಂ.ಮೀ. ಅಂತರ ಇರಬೇಕು. ಇಳಿಸಿದ ಹೆದೆ ಮಡಚಬಾರದು, ಉದ್ದಕ್ಕೆ ನೇತುಹಾಕಿ, ಇಲಿಗೆ ಎಟುಕದ ಎತ್ತರದಲ್ಲಿ.