ಕಂಬದಿಂದ ಕಂಪ್ಯೂಟರ್‌ವರೆಗೆ: ನಮ್ಮ ಮನೆಯ ಕೇಬಲ್ ಇಂಟರ್‌ನೆಟ್ ಕೆಲಸ

ಕೆಲಸ ಏನು

ಮಾಳಿಗೆ ಮೇಲಿನ ಕೋಣೆಯ ಕಂಪ್ಯೂಟರ್‌ಗೆ ನಂಬಬಹುದಾದ ಇಂಟರ್‌ನೆಟ್ ಬೇಕು. ತಂಗಿ ಅಲ್ಲಿ ಕೂತು ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾಳೆ. ಸಂಜೆ ಲೈವ್ ಕ್ಲಾಸ್ ಇರುತ್ತದೆ. ಮೇಷ್ಟ್ರು ಲೆಕ್ಕ ಬಿಡಿಸುತ್ತಿರುವಾಗ ಚಿತ್ರ ನಿಂತುಬಿಡುತ್ತದೆ, ಮತ್ತೆ ಬರುವಷ್ಟರಲ್ಲಿ ಉತ್ತರ ಬೋರ್ಡ್ ಮೇಲಿರುತ್ತದೆ. ನಡುವಿನ ಹೆಜ್ಜೆ ಸಿಗುವುದಿಲ್ಲ. ಇದು ಸಣ್ಣ ತೊಂದರೆ ಅಲ್ಲ. ಅವಳ ಒಂದು ವರ್ಷದ ಶ್ರಮ ಈ ತಂತಿ ಮೇಲೆ ನಿಂತಿದೆ.

ಮನೆ ಇರುವುದು ಕಲಬುರಗಿಯ ಬ್ರಹ್ಮಪುರದಲ್ಲಿ. ಕೆಳಗಿನ ಮನೆ ಹಳೆಯದು. ಕಲ್ಲಿನ ಗೋಡೆ, ಕೆಲವು ಕಡೆ ಎರಡು ಅಡಿ ದಪ್ಪ. ನೆಲಕ್ಕೆ ಶಹಾಬಾದ್ ಫರಸಿ. ಮೇಲಿನ ಕೋಣೆ ಆಮೇಲೆ ಇಟ್ಟಿಗೆಯಲ್ಲಿ ಕಟ್ಟಿದ್ದು. ಬೀದಿಯ ಕಂಬದಿಂದ ಕೇಬಲ್ ಮೊದಲು ಮಾಳಿಗೆಗೆ ಬರುತ್ತದೆ, ಅಲ್ಲಿಂದ ಪಡಸಾಲೆಗೆ ಇಳಿಯುತ್ತದೆ. ಕೇಬಲ್ ಸಿಗ್ನಲ್‌ನಿಂದ ಇಂಟರ್‌ನೆಟ್ ತೆಗೆಯುವ ಮೋಡೆಮ್, ಅದನ್ನು ಮನೆಯ ಸಾಧನಗಳಿಗೆ ಹಂಚುವ ರೌಟರ್ ಎರಡೂ ಟಿವಿ ಪಕ್ಕದಲ್ಲಿವೆ. ಮೇಲಿನ ಕಂಪ್ಯೂಟರ್‌ಗೆ ವೈಫೈ ಮಾತ್ರ.

ಭಾನುವಾರ: ತೊಂದರೆ ಎಲ್ಲಿದೆ

‘ನೆಟ್ ಸ್ಲೋ’ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಸ್ಲೋ ಆಗುವ ಜಾಗ ನಾಲ್ಕಾದರೂ ಇವೆ. ಕಂಬದಿಂದ ಮೋಡೆಮ್, ಮೋಡೆಮ್‌ನಿಂದ ರೌಟರ್, ರೌಟರ್‌ನಿಂದ ಕಂಪ್ಯೂಟರ್, ಕೊನೆಗೆ ಹೊರಗಿನ ಜಾಲ. ಒಂದೊಂದನ್ನೇ ಬೇರೆ ಮಾಡಿ ನೋಡದೆ ಹೊಸ ರೌಟರ್ ತಂದರೆ ದುಡ್ಡು ದಂಡ.

ಬೇರೆ ಮಾಡಿ ನೋಡಲು ಪಿಂಗ್ ಸಾಕು. ಅದು ಒಂದು ಸಾಧನಕ್ಕೆ ಸಣ್ಣ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ಹೇಳುತ್ತದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ರೌಟರ್‌ಗೆ ಪಿಂಗ್ ಕೊಟ್ಟೆ. ನಮ್ಮದರ ವಿಳಾಸ 192.168.0.1. ಆಮೇಲೆ ಮೋಡೆಮ್‌ಗೆ. ಹೆಚ್ಚಿನ ಕೇಬಲ್ ಮೋಡೆಮ್‌ಗಳು 192.168.100.1ರಲ್ಲಿ ಉತ್ತರ ಕೊಡುತ್ತವೆ. ಕೊನೆಗೆ ಹೊರಗಿನ 8.8.8.8ಕ್ಕೆ, ಅದು ಗೂಗಲ್‌ನ ಸರ್ವರ್.

ಮೇಲಿನ ಕೋಣೆಯಿಂದ ರೌಟರ್‌ಗೇ 80, 120, 200 ಮಿಲಿಸೆಕೆಂಡ್ ಬರುತ್ತಿತ್ತು, ನಡುನಡುವೆ ಉತ್ತರವೇ ಇಲ್ಲ. ಮನೆಯೊಳಗೇ ಇಷ್ಟು ತಡ! ತಂತಿಯಲ್ಲಿ ಇದು 1 ಮಿಲಿಸೆಕೆಂಡ್ ಕೂಡ ಆಗಬಾರದು. ಅಂದರೆ ಕಲ್ಲಿನ ಗೋಡೆ ವೈಫೈಯನ್ನು ನುಂಗುತ್ತಿದೆ. ವೈಫೈನ ಎರಡು ಪಟ್ಟಿಗಳಲ್ಲಿ 5 ಗಿಗಾಹರ್ಟ್ಸ್‌ನದು ಮೇಲೆ ಕಾಣುವುದೇ ಇಲ್ಲ. 2.4 ಕಾಣುತ್ತದೆ, ಆದರೆ ಅಕ್ಕಪಕ್ಕದ ಮನೆಗಳೆಲ್ಲ ಅದರಲ್ಲೇ ಇವೆ. ಆ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11.

ಕಂಪ್ಯೂಟರ್‌ನ್ನು ಕೆಳಗೆ ತಂದು ರೌಟರ್‌ಗೆ ತಂತಿಯಲ್ಲಿ ಕೂಡಿಸಿದೆ. ರೌಟರ್, ಮೋಡೆಮ್ ಎರಡಕ್ಕೂ ಪಿಂಗ್ ಚೊಕ್ಕ. ಆದರೂ 8.8.8.8ಕ್ಕೆ ಆಗಾಗ ಉತ್ತರ ತಪ್ಪುತ್ತಿತ್ತು. ಹಾಗಾದರೆ ವೈಫೈ ಒಂದೇ ಅಲ್ಲ, ಹೊರಗಿನ ಲೈನಿನಲ್ಲೂ ಏನೋ ಇದೆ.

ಅದೇ ದಿನ, ಮಧ್ಯಾಹ್ನ: ಮೋಡೆಮ್ ಏನು ಹೇಳುತ್ತದೆ

ಬ್ರೌಸರ್‌ನಲ್ಲಿ 192.168.100.1 ಹಾಕಿದರೆ ಮೋಡೆಮ್‌ನ ಸ್ವಂತ ಪುಟ ತೆರೆಯುತ್ತದೆ. ಈ ಪುಟ ನನಗೆ ಬಹಳ ಇಷ್ಟ. ಕೇಬಲ್‌ನವರು ಮೀಟರ್ ಹಿಡಿದು ನೋಡುವ ಅಂಕಿಗಳಲ್ಲಿ ಮುಖ್ಯವಾದವೆಲ್ಲ ಇಲ್ಲೇ ಪುಕ್ಕಟೆ ಸಿಗುತ್ತವೆ.

ಕೇಬಲ್ ಮೋಡೆಮ್ ಮಾತಾಡುವ ಪದ್ಧತಿಗೆ ಡಾಕ್ಸಿಸ್ ಅಂತ ಹೆಸರು. ಮೊದಲ ಆವೃತ್ತಿ 1997ರಲ್ಲಿ ಬಂತು. ನಮ್ಮ ಮೋಡೆಮ್ 3.0, ಅದು 2006ರ ಆವೃತ್ತಿ. ನೋಡಬೇಕಾದ ಅಂಕಿ ಮೂರು. ಕಂಬದಿಂದ ಮೋಡೆಮ್‌ಗೆ ಬರುವ ಸಿಗ್ನಲ್‌ನ ಬಲ, ಅದರಲ್ಲಿ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎನ್ನುವ ಎಸ್‌ಎನ್‌ಆರ್, ಮತ್ತು ಮೋಡೆಮ್ ವಾಪಸ್ ಕಳಿಸುವ ಬಲ. ಬಲವನ್ನು ಡಿಬಿಎಂವಿಯಲ್ಲಿ ಬರೆಯುತ್ತಾರೆ. 75 ಓಮ್ ಕೇಬಲ್‌ನಲ್ಲಿ 1 ಮಿಲಿವೋಲ್ಟ್ ಇದ್ದರೆ ಅದು 0 ಡಿಬಿಎಂವಿ. 3 ಡಿಬಿ (ಡೆಸಿಬೆಲ್) ಇಳಿದರೆ ಶಕ್ತಿ ಅರ್ಧ ಆಯಿತು ಅಂತ ತಿಳಿಯಬೇಕು.

ಡಾಕ್ಸಿಸ್ ಪ್ರಕಾರ ಬರುವ ಬಲ −15ರಿಂದ +15ರ ಒಳಗಿದ್ದರೆ ಮೋಡೆಮ್ ಕೆಲಸ ಮಾಡಬೇಕು. ನೆಮ್ಮದಿಯಾಗಿ ನಡೆಯಲು −7ರಿಂದ +7 ಒಳ್ಳೆಯದು. ಎಸ್‌ಎನ್‌ಆರ್ 33ರ ಮೇಲೆ ಬೇಕು. ವಾಪಸ್ ಬಲ 50ರ ಕೆಳಗಿದ್ದರೆ ಚೆನ್ನ.

ನಮ್ಮದು: −14, 31, 53. ಮೂರೂ ಅಂಚಿನಲ್ಲಿವೆ. 53 ಅಂದರೆ ಗದ್ದೆಯ ಆ ಬದಿಯವನಿಗೆ ಕೇಳಲೆಂದು ಗಂಟಲು ಹರಿಯುವಂತೆ ಕೂಗಿದ ಹಾಗೆ. ಇನ್ನೂ ಜೋರು ಮಾಡಲು ಮೋಡೆಮ್‌ಗೆ ಹೆಚ್ಚು ಜಾಗ ಉಳಿದಿಲ್ಲ. ಸ್ವಲ್ಪ ಗಾಳಿ ಬೀಸಿ ಕನೆಕ್ಟರ್ ಅಲುಗಿದರೂ ಲೈನ್ ಕಡಿಯುತ್ತದೆ.

ಕೇಬಲ್ ಹುಡುಗನಿಗೆ ಫೋನ್ ಮಾಡಿದೆ. “ಟಿವಿ ಛಂದ ಬರ್ಲಿಕತ್ತದಲ್ರಿ ಅಣ್ಣಾ, ಲೈನ್ ಛಲೋ ಅದ” ಅಂದ. ಅವನು ಹೇಳಿದ್ದು ಟಿವಿ ಮಟ್ಟಿಗೆ ಸರಿ. ಟಿವಿಗೆ ಕೇಳಿಸಿಕೊಂಡರೆ ಸಾಕು. ಮೋಡೆಮ್ ವಾಪಸ್ ಮಾತಾಡಲೂ ಬೇಕು, ಅದೂ 5 ಮೆಗಾಹರ್ಟ್ಸ್‌ನಿಂದ ಶುರುವಾಗುವ ಕೆಳಗಿನ ಪಟ್ಟಿಯಲ್ಲಿ. ಟಿವಿ ಚಿತ್ರ ನೋಡಿ ಆ ದಾರಿ ಹೇಗಿದೆ ಅಂತ ಹೇಳಲಾಗದು. ಅಂಕಿಗಳ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿದೆ. ಆಗ ಅವನ ಮಾತೇ ಬದಲಾಯಿತು, ವಾರದೊಳಗೆ ಬರುತ್ತೇನೆ ಅಂದ. ಅಂಕಿ ಕೊಟ್ಟು ಮಾತಾಡಿದರೆ ಕೆಲಸದವರಿಗೂ ಅನುಕೂಲ.

ಸಂಜೆ: ಮಾಳಿಗೆ ಮೇಲೆ

ಕ್ರಿಕೆಟ್ ನಡೆದಿತ್ತು. “ಏ ತಮ್ಮಾ, ಮ್ಯಾಚ್ ಮುಗಿಯೋತನಕ ಕೇಬಲ್ ಮುಟ್ಟಬ್ಯಾಡ” ಅಂದರು ಕಾಕಾ. “ಹೂಂ ಕಾಕಾ, ಮುಗದ ಮ್ಯಾಲೇ ತಗೀತೀನಿ” ಅಂದೆ. ಬಿಸಿಲು ಇಳಿಯುವುದಕ್ಕೂ ಮ್ಯಾಚ್ ಮುಗಿಯುವುದಕ್ಕೂ ಸರಿಹೋಯಿತು.

ಮೋಡೆಮ್ ಮೇಲಕ್ಕೆ ಒಯ್ದು, ಕಂಬದಿಂದ ಬಂದ ಕೇಬಲ್‌ಗೆ ನೇರವಾಗಿ ಕೂಡಿಸಿದೆ. ಅಲ್ಲಿ −4. ಅಂದರೆ ಮಾಳಿಗೆಯಿಂದ ಪಡಸಾಲೆಗೆ ಇಳಿಯುವಷ್ಟರಲ್ಲಿ 10 ಡಿಬಿ ಕಳೆಯುತ್ತಿದೆ.

ಎಲ್ಲಿ ಹೋಯಿತು ಅಂತ ಲೆಕ್ಕ ಹಾಕುವುದು ಸುಲಭ. ಮಾಳಿಗೆಯಲ್ಲಿ ಒಂದು ಕೇಬಲ್‌ನ್ನು ಕವಲು ಮಾಡುವ, ಮೂರು ಬಾಯಿಯ ಹಳೆಯ ಸ್ಪ್ಲಿಟರ್ ಇದೆ. ಒಂದು ಬಾಯಿಗೆ 3.5 ಡಿಬಿ ನಷ್ಟ, ಉಳಿದ ಎರಡಕ್ಕೆ 7 ಡಿಬಿ ಅಂತ ಅದರ ಮೈಮೇಲೇ ಬರೆದಿದೆ. ಟಿವಿ 3.5ರಲ್ಲಿ, ಮೋಡೆಮ್ 7ರಲ್ಲಿ, ಇನ್ನೊಂದು ಖಾಲಿ. ಉಳಿದ 3 ಡಿಬಿ ಕೆಳಗಿಳಿಯುವ ಕೇಬಲ್‌ದು. ನಮ್ಮದು ಆರ್‌ಜಿ-6 ಜಾತಿಯ ಕೇಬಲ್, ಅದು ಮೇಲಿನ ಕಂಪನಾಂಕಗಳಲ್ಲಿ 100 ಮೀಟರ್‌ಗೆ ಸುಮಾರು 20 ಡಿಬಿ ತಿನ್ನುತ್ತದೆ. ನಮ್ಮದು 15 ಮೀಟರ್ ಹತ್ತಿರ ಇದೆ. 7 ಮತ್ತು 3 ಸೇರಿ 10. ಲೆಕ್ಕ ಕೂಡಿ ಬಂದಾಗ ಆಗುವ ಖುಷಿಯೇ ಬೇರೆ!

ಕಂಬದ ಕೇಬಲ್‌ನ ಎಫ್ ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು. ಮಳೆ ನೀರು ಇಳಿದಿದೆ. ತುದಿ ಕತ್ತರಿಸಿ ಹೊಸದು ಹಾಕಬೇಕು.

ಅಂದಹಾಗೆ, ಮಾಳಿಗೆಯಲ್ಲಿ ಟಿವಿ ಬೂಸ್ಟರ್ ಇರುವ ಮನೆಗಳು ನಮ್ಮ ಓಣಿಯಲ್ಲಿ ಬೇಕಾದಷ್ಟಿವೆ. ಹಳೆಯ ಬೂಸ್ಟರ್‌ಗಳು ಸಿಗ್ನಲ್‌ನ್ನು ಒಂದೇ ಕಡೆಗೆ ಬಿಡುತ್ತವೆ. ಅದನ್ನು ದಾಟಿ ಬಂದ ಕೇಬಲ್‌ಗೆ ಮೋಡೆಮ್ ಇಟ್ಟರೆ ವಾಪಸ್ ದಾರಿ ಬಂದ್. ಮೋಡೆಮ್‌ಗೆ ಹೋಗುವ ಕೇಬಲ್ ಬೂಸ್ಟರ್‌ಗಿಂತ ಮೊದಲೇ ಕವಲಾಗಬೇಕು.

ನಿರ್ಧಾರ

ಕೇಬಲ್ ಮೊದಲು ಬರುವುದು ಮಾಳಿಗೆಗೆ. ಕಂಪ್ಯೂಟರ್ ಇರುವುದೂ ಮಾಳಿಗೆ ಮೇಲೆ. ಮತ್ತೆ ಸಿಗ್ನಲ್ ಕೆಳಗಿಳಿದು, ಕಲ್ಲು ದಾಟಿ, ಮೇಲೆ ಬರುವುದು ಯಾಕೆ? ಮೋಡೆಮ್, ರೌಟರ್ ಎರಡನ್ನೂ ಮೇಲಿನ ಕೋಣೆಗೆ ಒಯ್ಯುವುದು. ಕೆಳಗಿನವರ ಮೊಬೈಲ್‌ಗಳಿಗೆ ಒಂದು ಲ್ಯಾನ್ ತಂತಿ (ಮನೆಯೊಳಗಿನ ಜಾಲದ ತಂತಿ) ಇಳಿಸಿ, ಅಟ್ಟದ ಮೇಲಿರುವ ಹಳೆಯ ರೌಟರ್‌ನ್ನು ವೈಫೈಗೆ ಇಡುವುದು.

ಬುಧವಾರ: ನಮ್ಮೂರ ಪೇಟೆ ಸೂಪರ್ ಮಾರ್ಕೆಟ್

ಎರಡು ಬಾಯಿಯ ಸ್ಪ್ಲಿಟರ್, ಒತ್ತಿ ಕೂಡಿಸುವ ಎಫ್ ಕನೆಕ್ಟರ್, ಲ್ಯಾನ್ ತಂತಿಯ ಆರ್‌ಜೆ-45 ಪ್ಲಗ್, ಹೊರಗಿನ ಬಿಸಿಲು ತಡೆಯುವ ಕ್ಯಾಟ್ 6 ಲ್ಯಾನ್ ತಂತಿ, ಪೈಪ್ ತಂದೆ. ಸ್ಪ್ಲಿಟರ್ ಮೇಲೆ 5ರಿಂದ 1000 ಮೆಗಾಹರ್ಟ್ಸ್ ಅಂತ ಇರುವುದನ್ನು ನೋಡಿ ತಗೊಂಡೆ. ಕೆಳಗಿನ ಅಂಕಿ 5 ಇರಲೇಬೇಕು, ವಾಪಸ್ ದಾರಿ ಅಲ್ಲಿಂದಲೇ ಶುರು.

ಲ್ಯಾನ್ ತಂತಿ ಕೊಳ್ಳುವಾಗ ಒಂದು ಮಾತು ಕೇಳಲೇಬೇಕು: ಒಳಗೆ ಪೂರ್ತಿ ತಾಮ್ರವೋ, ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪವೋ? “ಎರಡೂ ಅವರಿ, ನಿಮಗ ಯಾವ್ದು ಬೇಕ್ ಹೇಳ್ರಿ” ಅಂದರು ಅಂಗಡಿಯವರು. ತುದಿಯನ್ನು ಬ್ಲೇಡಿನಿಂದ ಕೆರೆದು ತೋರಿಸಿದರು. ಒಂದರೊಳಗೆ ಬೆಳ್ಳಿ ಬಣ್ಣ, ಇನ್ನೊಂದರಲ್ಲಿ ಕೊನೆತನಕ ಕೆಂಪು. ಲೇಪದ್ದು ಅಗ್ಗ. ಆದರೆ ಮಡಿಸಿದರೆ ಬೇಗ ಮುರಿಯುತ್ತದೆ, ವಿದ್ಯುತ್ ತಡೆಯೂ ಜಾಸ್ತಿ. ತಾಮ್ರದ್ದೇ ತಂದೆ. ಒಮ್ಮೆ ಹಾಕಿದ ತಂತಿ ಹತ್ತು ವರ್ಷ ಇರಬೇಕಲ್ವಾ.

ಮುಂದಿನ ಭಾನುವಾರ: ತಂತಿ ಎಳೆದದ್ದು

ಎರಡು ಅಡಿ ಕಲ್ಲು ಕೊರೆಯುವ ಅಗತ್ಯ ಬೀಳಲಿಲ್ಲ. ಹಳೆಯ ಮನೆಗೆ ಬೆಳಕಿಂಡಿ ಇದೆ. ಅದರ ಚೌಕಟ್ಟಿನ ಮೂಲೆಯಿಂದ ಪೈಪ್ ಇಳಿಸಿ, ತೊಲೆಯ ಬದಿಗೆ ಹಿಡಿದು, ಪಡಸಾಲೆಗೆ ತಂದೆವು. ಹೊರಗಿನ ತಂತಿ ಒಳಗೆ ಹೋಗುವ ಮುಂಚೆ ಸ್ವಲ್ಪ ಜೋತು ಬಿಟ್ಟು ಮೇಲೆ ತಿರುಗಿಸಿದೆ. ಮಳೆ ನೀರು ಆ ಬಾಗಿನಿಂದ ತೊಟ್ಟಿಕ್ಕಿ ಕೆಳಗೆ ಬೀಳುತ್ತದೆ, ಮನೆಯೊಳಗೆ ಹರಿಯುವುದಿಲ್ಲ. ಅವ್ವ ಕೆಳಗೆ ನಿಂತು ತಂತಿ ಸೊಟ್ಟ ಆಗದ ಹಾಗೆ ಬಿಡುತ್ತಿದ್ದಳು.

ಕ್ರಿಂಪಿಂಗ್, ಅಂದರೆ ತಂತಿ ತುದಿಗೆ ಪ್ಲಗ್ ಒತ್ತಿ ಕೂಡಿಸುವುದು, ತಂಗಿ ಮಾಡಿದಳು, ಅವಳ ಕೈ ನನಗಿಂತ ನಾಜೂಕು. ಬಣ್ಣದ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ. ಜೋಡಿ ತಂತಿಗಳ ಹೆಣಿಗೆಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬಾರದು. ಆ ಹೆಣಿಗೆಯೇ ಗದ್ದಲ ಒಳಗೆ ಬರದಂತೆ ತಡೆಯುವುದು.

ಒಂದೊಂದು ತಂತಿಗೆ ಒಂದೊಂದು ದೀಪ ಇರುವ ಟೆಸ್ಟರ್‌ನಲ್ಲಿ 7ನೇ ದೀಪ ಹತ್ತಲಿಲ್ಲ. ಆದರೂ ಕೂಡಿಸಿ ನೋಡಿದೆವು, ಲಿಂಕ್ ಬಂತು, ಆದರೆ 100 ಎಂಬಿಪಿಎಸ್ ಮಾತ್ರ. 100ಕ್ಕೆ 1, 2, 3, 6 ಈ ನಾಲ್ಕು ತಂತಿ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ವೇಗ ಸರಿಯಾಗಿ 100ಕ್ಕೆ ನಿಂತರೆ ಮೊದಲು ಪ್ಲಗ್ ನೋಡಬೇಕು ಅಂತ ಇದರಿಂದ ಗೊತ್ತಾಗುತ್ತದೆ. ಹೊಸ ಪ್ಲಗ್ ಹಾಕಿದಳು, ಎಂಟೂ ದೀಪ ಹತ್ತಿದವು, ಲಿಂಕ್ 1 ಗಿಗಾಬಿಟ್.

ರೌಟರ್ ಕೂಡಿಸಿದ್ದು

ಮೊದಲು ಕಂಪ್ಯೂಟರ್‌ನ್ನು ನೇರ ಮೋಡೆಮ್‌ಗೆ ಕೂಡಿಸಿ ಪರೀಕ್ಷೆ ಮಾಡಿದೆ. ಚೆನ್ನಾಗಿ ನಡೆಯಿತು. ಆಮೇಲೆ ನಡುವೆ ರೌಟರ್ ಇಟ್ಟಾಗ ರೌಟರ್‌ಗೆ ಹೊರಗಿನ ಜಾಲದ ವಿಳಾಸ ಸಿಗಲಿಲ್ಲ. ಕೇಬಲ್ ಮೋಡೆಮ್‌ನ ಸ್ವಭಾವವೇ ಹಾಗೆ. ಚಾಲೂ ಆದಮೇಲೆ ಮೊದಲು ಕಂಡ ಸಾಧನದ ಮ್ಯಾಕ್ ವಿಳಾಸವನ್ನು (ಆ ಸಾಧನದ ಗುರುತಿನ ಸಂಖ್ಯೆ) ನೆನಪಿಡುತ್ತದೆ, ಬೇರೆಯದನ್ನು ಒಪ್ಪುವುದಿಲ್ಲ. ಮೋಡೆಮ್‌ನ ಕರೆಂಟ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು, ರೌಟರ್‌ನ ವ್ಯಾನ್ ಪೋರ್ಟ್‌ಗೆ (ಹೊರಗಿನ ಜಾಲ ಬರುವ ಬಾಯಿ) ತಂತಿ ಹಾಕಿ, ಮೋಡೆಮ್ ಮೊದಲು ಚಾಲೂ ಮಾಡಿದೆ. ಆನ್‌ಲೈನ್ ದೀಪ ನಿಂತಮೇಲೆ ರೌಟರ್. ವಿಳಾಸ ಬಂತು.

ಕಂಪ್ಯೂಟರ್‌ನಲ್ಲಿ ವಿಳಾಸ ತೋರಿಸುವ ಐಪಿಕಾನ್ಫಿಗ್ ಕಮಾಂಡ್ ಕೊಟ್ಟಾಗ 169.254 ಅಂತ ಶುರುವಾಗುವ ವಿಳಾಸ ಕಂಡರೆ ರೌಟರ್‌ನಿಂದ ಏನೂ ಬಂದಿಲ್ಲ, ವಿಂಡೋಸ್ ತಾನೇ ಒಂದು ಇಟ್ಟುಕೊಂಡಿದೆ ಅಂತ ಅರ್ಥ. ನಮಗೆ 192.168.0ರ ಸಾಲಿನದೇ ಬಂತು.

ಕೆಳಗಿನ ಹಳೆಯ ರೌಟರ್‌ನಲ್ಲಿ ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ಬಂದ್ ಮಾಡಿ, ಅದರ ವಿಳಾಸ 192.168.0.2 ಮಾಡಿ, ತಂತಿಯನ್ನು ಅದರ ಲ್ಯಾನ್ ಪೋರ್ಟ್‌ಗೆ ಹಾಕಿದೆ. ವ್ಯಾನ್‌ಗೆ ಹಾಕಿದರೆ ಮನೆಯೊಳಗೆ ಇನ್ನೊಂದು ಜಾಲ ಹುಟ್ಟುತ್ತದೆ, ಕೆಳಗಿನ ಪ್ರಿಂಟರ್ ಮೇಲಿನವರಿಗೆ ಕಾಣುವುದಿಲ್ಲ. ಎರಡಕ್ಕೂ ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆ, ವೈಫೈ ಪಾಸ್‌ವರ್ಡ್ ಹಾಕದೆ ಸೇರಲು ಬಿಡುವ ಡಬ್ಲ್ಯುಪಿಎಸ್ ಬಂದ್ ಮಾಡಿದೆ.

ಈಗಿನ ಅಂಕಿ

ಕೇಬಲ್ ಹುಡುಗ ಹೇಳಿದ ಹಾಗೆ ಬಂದ. ಕಂಬದ ತುದಿ, ಮಾಳಿಗೆ ತುದಿ ಎರಡಕ್ಕೂ ಹೊಸ ಕನೆಕ್ಟರ್ ಹಾಕಿ, ಮೇಲೆ ರಬ್ಬರ್ ಟೇಪ್ ಸುತ್ತಿದ. ಮಾಳಿಗೆಯಲ್ಲಿ ನೇರವಾಗಿ ನೋಡಿದಾಗ 0 ಬಂತು. ಸ್ಪ್ಲಿಟರ್ 3.5, ಕೋಣೆಯವರೆಗಿನ ಕೇಬಲ್ 1. ಮೋಡೆಮ್ ಹತ್ತಿರ −4.5. ಎಸ್‌ಎನ್‌ಆರ್ 37. ವಾಪಸ್ ಬಲ 46ಕ್ಕೆ ಇಳಿದಿದೆ. ಕಂಪ್ಯೂಟರ್‌ನಿಂದ ರೌಟರ್‌ಗೆ ಪಿಂಗ್ 1 ಮಿಲಿಸೆಕೆಂಡ್‌ಗಿಂತ ಕಡಿಮೆ, ಹೊರಗೆ ಉತ್ತರ ತಪ್ಪುತ್ತಿಲ್ಲ. ತಂಗಿಯ ಕ್ಲಾಸ್ ಪೂರ್ತಿ ನಡೆಯುತ್ತಿದೆ. ಈ ಅಂಕಿಗಳನ್ನು ಚೀಟಿಯಲ್ಲಿ ಬರೆದು ಮೋಡೆಮ್ ಬೆನ್ನಿಗೆ ಅಂಟಿಸಿದ್ದೇನೆ. ನಾಳೆ ತೊಂದರೆ ಬಂದರೆ ಹೋಲಿಸಿ ನೋಡಲು ಬೇಕು.

ಉಳಿದ ಕೆಲಸ

ಕರೆಂಟ್ ಹೋದಾಗಿನ ಮಾತು ಇನ್ನೂ ಬಾಕಿ. ಮೋಡೆಮ್, ರೌಟರ್ ಎರಡೂ 12 ವೋಲ್ಟ್‌ನವು, ಸಣ್ಣ ಯುಪಿಎಸ್ ಇಟ್ಟಿದ್ದೇನೆ. ಕೊಳ್ಳುವ ಮುಂಚೆ ಎರಡೂ ಅಡಾಪ್ಟರ್‌ಗಳ ಆಂಪಿಯರ್ ಕೂಡಿಸಿ ನೋಡಬೇಕು, ಪಿನ್ನಿನ ಪ್ಲಸ್ ಮೈನಸ್ ಕೂಡ. ಆದರೆ ಓಣಿಯಲ್ಲಿ ಕರೆಂಟ್ ಹೋದರೆ ಮನೆಯ ಮೋಡೆಮ್ ಚಾಲೂ ಇದ್ದರೂ ಆನ್‌ಲೈನ್ ದೀಪ ಮಿಣುಕುತ್ತದೆ. ಕಂಬದ ಮೇಲೆ ಸಿಗ್ನಲ್ ಬಲ ಹೆಚ್ಚಿಸುವ ಆಂಪ್ಲಿಫೈಯರ್‌ಗೂ ಕರೆಂಟ್ ಬೇಕು. ಅಲ್ಲಿ ಬ್ಯಾಟರಿ ಇಡುತ್ತಾರಾ ಅಂತ ಕೇಬಲ್‌ನವರನ್ನು ಕೇಳಿದ್ದೇನೆ. ಅಲ್ಲಿಯವರೆಗೆ ಕರೆಂಟ್ ಹೋದಾಗ ತಂಗಿ ಮೊಬೈಲ್ ಡೇಟಾ ಬಳಸುತ್ತಾಳೆ.

ಇನ್ನೊಂದು, ಬೇಸಿಗೆ. ಕೇಬಲ್ ಕಾದಷ್ಟೂ ಅದರಲ್ಲಿ ಕಳೆಯುವ ಸಿಗ್ನಲ್ ಜಾಸ್ತಿ. ಸುಮಾರು 5.5 ಡಿಗ್ರಿ ಏರಿದರೆ ಡಿಬಿ ನಷ್ಟ ನೂರಕ್ಕೆ 1ರಷ್ಟು ಏರುತ್ತದೆ. ಇಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಬಿಸಿಲಲ್ಲಿ ಬಿದ್ದ ಕಪ್ಪು ಕೇಬಲ್ ಇನ್ನೂ ಕಾಯುತ್ತದೆ. ಮನೆಯ ಗಿಡ್ಡ ಕೇಬಲ್‌ನಲ್ಲಿ ಇದು ಏನೂ ಅಲ್ಲ, ಬೀದಿಯ ಉದ್ದ ಲೈನಿನಲ್ಲಿ ಲೆಕ್ಕಕ್ಕೆ ಬರಬಹುದು. ಅದಕ್ಕೇ ಏಪ್ರಿಲ್‌ನಿಂದ ನಸುಕಿಗೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಮೋಡೆಮ್ ಪುಟ ನೋಡಿ ಬರೆದಿಡುತ್ತೇನೆ. −4.5 ಎಷ್ಟಕ್ಕೆ ಇಳಿಯಿತು ಅಂತ ಮುಂದಿನ ಸಲ ಹಾಕುತ್ತೇನೆ.