ಮಿಸ್ಟರಿ: ಗೊತ್ತಿದ್ದೂ ಬಾಯಿ ಬಿಡದವರ ಪದ

ಕೊಲೆ ಮಾಡಿದವರು ಯಾರೋ ಗೊತ್ತಿಲ್ಲ, ಹಡಗು ಎಲ್ಲಿ ಮುಳುಗಿತೋ ಗೊತ್ತಿಲ್ಲ. ಇವತ್ತಿನ ಬಳಕೆಯಲ್ಲಿ ‘ಮಿಸ್ಟರಿ’ ಎಂದರೆ ಯಾರಿಗೂ ತಿಳಿಯದ್ದು. ಪದ ಹುಟ್ಟಿದಾಗ ಅರ್ಥ ಹೀಗಿರಲಿಲ್ಲ, ಹೆಚ್ಚುಕಡಿಮೆ ತಿರುವುಮುರುವಾಗಿತ್ತು. ತಿಳಿದವರು ಸಾವಿರಾರು ಮಂದಿ ಇದ್ದರು. ಅವರು ಹೇಳುತ್ತಿರಲಿಲ್ಲ, ಅಷ್ಟೇ.

ಮೂಲ ಗ್ರೀಕಿನ ‘ಮುಸ್ತೇರಿಯೋನ್’. ಬಹುಪಾಲು ಬಹುವಚನದಲ್ಲೇ, ‘ಮುಸ್ತೇರಿಯಾ’ ಎಂದು ಸಿಗುತ್ತದೆ, ಏಕೆಂದರೆ ಅದು ಒಂದು ಹಬ್ಬದ ಹೆಸರು. ಅದರಲ್ಲಿ ದೀಕ್ಷೆ ಪಡೆದವನು ‘ಮುಸ್ತೆಸ್’. ಇವೆರಡರ ಹಿಂದೆ ‘ಮುಚ್ಚು’ ಎಂಬರ್ಥದ ಕ್ರಿಯಾಪದವನ್ನು ಸಾಂಪ್ರದಾಯಿಕ ವ್ಯುತ್ಪತ್ತಿ ಕಾಣುತ್ತದೆ. ಕೆಲವು ವಿದ್ವಾಂಸರು ಈಗಿನ ಟರ್ಕಿಯ ಪ್ರಾಚೀನ ಭಾಷೆ ಹಿಟೈಟಿನ ‘ಮರೆಮಾಡು’ ಎಂಬ ಧಾತುವನ್ನು ಮುಂದಿಡುವುದೂ ಉಂಟು. ಮುಚ್ಚುವುದು ಕಣ್ಣನ್ನೋ ಬಾಯನ್ನೋ ಎಂಬ ಚರ್ಚೆ ಹಳೆಯದು. ಕಣ್ಣು ಎನ್ನುವವರಿಗೆ ಎರಡು ಆಧಾರಗಳಿವೆ. ಒಂದು, ಅದೇ ಕ್ರಿಯಾಪದದಿಂದ ಬಂದ ‘ಮಯೋಪಿಯಾ’: ದೂರದ್ದು ಕಾಣದವರು ಕಣ್ಣು ಕಿರಿದು ಮಾಡುವುದರಿಂದ ಬಂದ ಹೆಸರು. ಇನ್ನೊಂದು, ದೀಕ್ಷೆಯ ಮೇಲಿನ ಹಂತದವನಿಗಿದ್ದ ಬಿರುದು ‘ಎಪೊಪ್ತೆಸ್’, ಅಂದರೆ ಕಂಡವನು. ಮೊದಲು ಕಣ್ಣು ಮುಚ್ಚಿದವನು, ಕನಿಷ್ಠ ಒಂದು ವರ್ಷದ ಬಳಿಕ ಕಂಡವನು. ಬಾಯಿಯ ಪಕ್ಷಕ್ಕೆ ಅಥೆನ್ಸಿನ ಕಾನೂನೇ ಸಾಕ್ಷಿ. ಅದು ಮುಂದೆ ಬರುತ್ತದೆ.

ಹಬ್ಬ ನಡೆಯುತ್ತಿದ್ದುದು ಅಥೆನ್ಸಿನಿಂದ ಸುಮಾರು 20 ಕಿಲೋಮೀಟರ್ ದೂರದ ಎಲ್ಯೂಸಿಸ್‌ನಲ್ಲಿ. ದೇವತೆಗಳು ಧಾನ್ಯದ ತಾಯಿ ಡಿಮೀಟರ್ ಮತ್ತು ಪಾತಾಳಕ್ಕೆ ಒಯ್ಯಲ್ಪಟ್ಟ ಮಗಳು ಪರ್ಸೆಫನಿ. ಗ್ರೀಕ್ ಮಾತು ಬರಬೇಕು, ಕೈಗೆ ಕೊಲೆಯ ಕಲೆ ಅಂಟಿರಬಾರದು. ಇಷ್ಟಿದ್ದರೆ ಹೆಂಗಸರಿಗೂ ಗುಲಾಮರಿಗೂ ಪ್ರವೇಶವಿತ್ತು. ಬೊಯೆಡ್ರೊಮಿಯಾನ್ ತಿಂಗಳ, ಅಂದರೆ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿನ, 16ನೇ ದಿನ ‘ಮುಸ್ತೆಸ್‌ಗಳೇ, ಸಮುದ್ರಕ್ಕೆ!’ ಎಂಬ ಕೂಗು. ಮಿಂದು ಶುದ್ಧರಾಗಬೇಕು, ಹಂದಿಮರಿಯ ಬಲಿ ಕೊಡಬೇಕು. ಮೂರು ದಿನಗಳ ಬಳಿಕ ಪವಿತ್ರ ಮಾರ್ಗದಲ್ಲಿ ಮೆರವಣಿಗೆ. ಉಪವಾಸ ಮುರಿಯಲು ‘ಕುಕೆಯೋನ್’ ಎಂಬ ಪೇಯ: ಬಾರ್ಲಿ, ನೀರು, ಪುದೀನದ ಜಾತಿಯ ಒಂದು ಸೊಪ್ಪು. ರಾತ್ರಿ ಸಾವಿರಾರು ಜನ ಹಿಡಿಸುವ ತೆಲೆಸ್ತೇರಿಯೋನ್ ಎಂಬ ಮಂಟಪದೊಳಗೆ ಉಳಿದದ್ದೆಲ್ಲ. ಅಲ್ಲಿ ನಡೆದದ್ದನ್ನು ಗ್ರೀಕರು ಮಾಡಿದ್ದು, ತೋರಿಸಿದ್ದು, ಹೇಳಿದ್ದು ಎಂದು ಮೂರು ಬಗೆಯಾಗಿ ವಿಂಗಡಿಸುತ್ತಿದ್ದರು. ವಿಂಗಡಣೆ ಮಾತ್ರ ಉಳಿದಿದೆ, ಒಳಗಿನ ಸರಕು ಹೊರಬಿದ್ದದ್ದು ಬಹಳ ಕಡಿಮೆ.

ಇಷ್ಟು ಜನ ಸೇರಿ ಶತಮಾನಗಟ್ಟಲೆ ಒಂದು ಗುಟ್ಟನ್ನು ಕಾಪಾಡಿದ್ದು ಬರೀ ಭಕ್ತಿಯಿಂದಲ್ಲ. ಹೊರಗೆ ಬಾಯಿ ಬಿಟ್ಟವನಿಗೂ ಆಚರಣೆಯನ್ನು ಅಣಕಿಸಿದವನಿಗೂ ಅಥೆನ್ಸಿನಲ್ಲಿ ಮರಣದಂಡನೆ ಕಾದಿತ್ತು. ಕ್ರಿ.ಪೂ. 415ರಲ್ಲಿ ಸೇನಾನಿ ಆಲ್ಸಿಬಿಯಡೀಸ್ ಖಾಸಗಿ ಮನೆಯೊಂದರಲ್ಲಿ ಇದನ್ನು ನಟಿಸಿ ಗೇಲಿ ಮಾಡಿದನೆಂಬ ಆರೋಪ ಬಂತು. ಅವನ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿ ಆಸ್ತಿ ಹರಾಜು ಹಾಕಿದರು. ಹರಾಜಿನ ಪಟ್ಟಿ ಕೆತ್ತಿದ ಕಲ್ಲಿನ ತುಂಡುಗಳು ಇಂದಿಗೂ ಉಳಿದಿವೆ. ಕ್ರಿ.ಶ. 2ನೇ ಶತಮಾನದಲ್ಲಿ ಗ್ರೀಸಿನ ಗುಡಿ, ವಿಗ್ರಹ, ಗೋರಿಗಳನ್ನೆಲ್ಲ ವರ್ಣಿಸಿದ ಪ್ರವಾಸಿ ಪೌಸೇನಿಯಸ್, ಎಲ್ಯೂಸಿಸ್‌ನ ಗೋಡೆಯ ಹತ್ತಿರ ಬಂದು ನಿಲ್ಲುತ್ತಾನೆ: ಒಳಗಿನದನ್ನು ಬರೆಯಬಾರದೆಂದು ಕನಸಾಯಿತಂತೆ. ನಮಗೆ ಸಿಕ್ಕಿರುವ ಅಲ್ಪಸ್ವಲ್ಪ ವಿವರ, ಮೌನದಲ್ಲಿ ಎತ್ತಿ ತೋರಿಸಿದ ಒಂದು ತೆನೆ, ಬುಟ್ಟಿಯಿಂದ ಪೆಟ್ಟಿಗೆಗೆ ಇಡುವ ಏನೋ ಒಂದು, ಬಹುಪಾಲು ಈ ಆಚರಣೆಯನ್ನು ಖಂಡಿಸಲು ಹೊರಟ ಕ್ರೈಸ್ತ ಲೇಖಕರಿಂದ ಬಂದದ್ದು. ಹಾಗಾಗಿ ಅದನ್ನು ಎಚ್ಚರದಿಂದಲೇ ಓದಬೇಕು.

ರೋಮನ್ನರು ಈ ಹಬ್ಬಕ್ಕೆ ‘ಇನಿಷಿಯಾ’, ಅಂದರೆ ‘ಆರಂಭಗಳು’ ಎಂಬ ತಮ್ಮದೇ ಪದ ಬಳಸಿದರು. ದೀಕ್ಷೆಗೆ ಇಂಗ್ಲಿಷಿನಲ್ಲಿರುವ ‘ಇನಿಷಿಯೇಷನ್’ ಅದೇ ಮನೆತನದ್ದು. ಗ್ರೀಕ್ ಪದವನ್ನೂ ‘ಮಿಸ್ಟೀರಿಯಮ್’ ಎಂದು ಹಾಗೆಯೇ ಇಟ್ಟುಕೊಂಡರು. ಇಂಗ್ಲಿಷಿಗೆ ಬಂದದ್ದು ಆ ದಾರಿಯಿಂದ.

ನಡುವೆ ಒಂದು ತಿರುವಿದೆ, ನನ್ನ ಮಟ್ಟಿಗೆ ಇಡೀ ಕಥೆಯ ಅತ್ಯಂತ ರುಚಿಕರ ಭಾಗ. ಬೈಬಲಿನ ದಾನಿಯೇಲನ ಪುಸ್ತಕದ 2ನೇ ಅಧ್ಯಾಯದಲ್ಲಿ ರಾಜನ ಕನಸಿನ ಒಳಗುಟ್ಟಿಗೆ ಅರಾಮಿಕ್ ಭಾಷೆಯಲ್ಲಿ ‘ರಾಜ಼್’ ಎಂದಿದೆ. ಅದು ಪರ್ಷಿಯನ್ನಿನಿಂದ ಬಂದ ಸಾಲದ ಪದ, ಉರ್ದುವಿನಲ್ಲಿ ಇವತ್ತಿಗೂ ಗುಟ್ಟಿಗೆ ಅದೇ ಪದ. ಇದನ್ನೂ ಸಂಸ್ಕೃತದ ‘ರಹಸ್’ ಅನ್ನೂ ಭಾಷಾವಿದರು ಒಂದೇ ಬೇರಿನವೆಂದು ಗುರುತಿಸುತ್ತಾರೆ. ಗ್ರೀಕ್ ಅನುವಾದಕರು ಈ ಪದಕ್ಕೆ ಆಯ್ದುಕೊಂಡದ್ದು ‘ಮುಸ್ತೇರಿಯೋನ್’. ನಮ್ಮ ರಹಸ್ಯ ಮತ್ತು ಅವರ ಮಿಸ್ಟರಿ ಹೀಗೆ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಒಂದು ಸಾಲಿನಲ್ಲಿ ಎದುರುಬದುರಾಗಿದ್ದವು. ‘ರಹಸ್’ ಎಂದರೆ ಏಕಾಂತ. ಧಾತುವಿನ ಅರ್ಥ ಬಿಡು, ತೊರೆ. ವಿರಹವೂ ರಹಿತವೂ ಇದರ ಒಡಹುಟ್ಟುಗಳು. ಗ್ರೀಕರ ಗುಟ್ಟು ಬಾಯಿ ಮುಚ್ಚಿದ್ದರಿಂದ ಆದದ್ದು, ಸಂಸ್ಕೃತದ್ದು ಜನರಿಂದ ದೂರ ಸರಿದದ್ದರಿಂದ. ನಿಗೂಢದ ದಾರಿ ಮತ್ತೂ ಬೇರೆ: ಅದು ‘ಗುಹ್’, ಅಡಗಿಸು. ಗುಹೆಯೂ ಅಲ್ಲಿಯದೇ.

ಕ್ರೈಸ್ತ ಮತದ ಆದಿ ಪ್ರಚಾರಕ ಪೌಲನ ಪತ್ರಗಳಲ್ಲಿ ಅರ್ಥ ಮತ್ತೊಮ್ಮೆ ಹೊರಳಿತು. ಅಲ್ಲಿ ಮುಸ್ತೇರಿಯೋನ್ ಎಂದರೆ ಹಿಂದೆ ಮರೆಯಾಗಿದ್ದು ಈಗ ಎಲ್ಲರಿಗೂ ಪ್ರಕಟವಾದ ದೇವರ ಯೋಜನೆ. ಮುಚ್ಚಿಡಬೇಕಾದ್ದಲ್ಲ, ಸಾರಬೇಕಾದ್ದು. ಲ್ಯಾಟಿನ್ ಬೈಬಲಿನಲ್ಲಿ ಕೆಲವು ಕಡೆ ಇದಕ್ಕೆ ‘ಸಾಕ್ರಮೆಂಟಮ್’ ಎಂದು ಹಾಕಿದರು; ಮೊದಲು ಸೈನಿಕನ ಪ್ರಮಾಣವಚನಕ್ಕಿದ್ದ ಹೆಸರು ಅದು. ಪಶ್ಚಿಮದ ಚರ್ಚು ಸಂಸ್ಕಾರಗಳನ್ನು ಸಾಕ್ರಮೆಂಟ್ ಎನ್ನುವುದೂ ಪೂರ್ವದ ಆರ್ಥೊಡಾಕ್ಸ್ ಚರ್ಚು ಅವನ್ನೇ ಮಿಸ್ಟರಿ ಎನ್ನುವುದೂ ಇದರಿಂದ. ಕ್ಯಾಥೊಲಿಕರ ಜಪಸರದ ‘ಮಿಸ್ಟರಿ’ಗಳೂ ಇದೇ ಅರ್ಥದವು, ಧ್ಯಾನಿಸಬೇಕಾದ ಘಟನೆಗಳು, 15 ಇದ್ದುದಕ್ಕೆ 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇನ್ನೈದು ಸೇರಿಸಿದರು.

ಇನ್ನು ಅನುವಾದಕರು ಎಡವುವ ಜಾಗ. ಇಂಗ್ಲಿಷಿನಲ್ಲಿ ಮಿಸ್ಟರಿ ಒಂದಲ್ಲ, ಎರಡು ಪದ. ಒಳ್ಳೆಯ ನಿಘಂಟಿನಲ್ಲಿ 1, 2 ಎಂದು ಬೇರೆ ಬೇರೆ ನಮೂದುಗಳಿರುತ್ತವೆ. ಎರಡನೆಯದರ ಅರ್ಥ ಕಸುಬು. ಅದು ಸೇವೆ ಎಂಬರ್ಥದ ಲ್ಯಾಟಿನ್ ‘ಮಿನಿಸ್ಟೀರಿಯಮ್’ ಸವೆದು ‘ಮಿಸ್ಟೀರಿಯಮ್’ ಆದದ್ದು. ಫ್ರೆಂಚಿನಲ್ಲಿ ಅದೇ ‘ಮೆಟಿಯೆ’. ಉಚ್ಚಾರ ಒಂದಾದ್ದರಿಂದ ಕಾಗುಣಿತವೂ ಮೊದಲನೆಯದರ ಜೊತೆ ಬೆರೆತುಹೋಯಿತು. ಹಳೆಯ ಇಂಗ್ಲಿಷ್ ಒಪ್ಪಂದಪತ್ರಗಳಲ್ಲಿ ಹುಡುಗನೊಬ್ಬ ಬಡಗಿಯ ‘ಆರ್ಟ್ ಅಂಡ್ ಮಿಸ್ಟರಿ’ ಕಲಿಯಲು ಸೇರಿದ ಎಂದಿದ್ದರೆ, ‘ಕಲೆ ಮತ್ತು ರಹಸ್ಯ’ ಎಂದು ಬರೆಯುವುದು ತಪ್ಪು. ಬಡಗಿ ಕೆಲಸ ಕಲಿಯಲು ಸೇರಿದ, ಅಷ್ಟೇ.

ಮಧ್ಯಯುಗದ ‘ಮಿಸ್ಟರಿ ಪ್ಲೇ’ಗಳ ಹೆಸರಿನಲ್ಲಿ ಎರಡರಲ್ಲಿ ಯಾವುದು ಎಂಬ ಜಗಳ ಮುಗಿದಿಲ್ಲ. ವಸ್ತು ಬೈಬಲಿನದು, ಆಡುತ್ತಿದ್ದವರು ಕಸುಬಿನ ಸಂಘಗಳು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ನೋಹನ ನಾವೆ ಕಟ್ಟುವ ಭಾಗ ಹಡಗು ಕಟ್ಟುವವರದು, ಕೊನೆಯ ಭೋಜನ ರೊಟ್ಟಿ ಸುಡುವವರದು, ಶಿಲುಬೆಗೇರಿಸುವುದು ಮೊಳೆ ಮಾಡುವವರದು. ಇಷ್ಟು ಅಚ್ಚುಕಟ್ಟಾದ ಹಂಚಿಕೆ ನೋಡಿದರೆ ಕಸುಬಿನ ಕಡೆಗೇ ಮನಸ್ಸು ವಾಲುತ್ತದೆ. ಆದರೆ 15ನೇ ಶತಮಾನದ ಫ್ರೆಂಚರು ಇಂಥ ನಾಟಕಗಳನ್ನು ಕಸುಬಿನ ‘ಮೆಟಿಯೆ’ ಎನ್ನದೆ, ಗ್ರೀಕ್ ಮೂಲದ ‘ಮಿಸ್ತೇರ್’ ಎನ್ನುತ್ತಿದ್ದರು. ಇಂಗ್ಲಿಷರು ನಾಟಕಕ್ಕೆ ಈ ಹೆಸರಿಟ್ಟದ್ದು 18ನೇ ಶತಮಾನದಲ್ಲಿ, ಆ ಫ್ರೆಂಚ್ ಮಾದರಿ ನೋಡಿ. ಹೆಸರಿನ ಮಟ್ಟಿಗೆ ಧರ್ಮದ ಪಕ್ಷವೇ ಗಟ್ಟಿ.

ಸದ್ದು ಕೇಳಿ ಮೋಸಹೋಗುವ ಪದಗಳು ಇನ್ನೂ ಇವೆ. ಗಾರೆ ಕೆಲಸದ ಮೇಸ್ತ್ರಿ ಪೋರ್ಚುಗೀಸ್ ‘ಮೆಸ್ತ್ರೆ’ಯಿಂದ ಬಂದವನು, ಮೂಲ ಲ್ಯಾಟಿನ್ ‘ಮ್ಯಾಜಿಸ್ಟರ್’. ತಮಾಷೆಯೆಂದರೆ ಮ್ಯಾಜಿಸ್ಟರ್‌ನಲ್ಲಿರುವುದು ‘ಹೆಚ್ಚು’, ಮಿನಿಸ್ಟರ್‌ನಲ್ಲಿರುವುದು ‘ಕಡಿಮೆ’. ಮಂತ್ರಿ ಸೇವಕ, ಮೇಸ್ತ್ರಿ ಒಡೆಯ. ಮಂಜಿನ ‘ಮಿಸ್ಟ್’ಗೂ ಮಿಸ್ಟರಿಗೂ ನಂಟಿಲ್ಲ, ಅದರ ನೆಂಟ ನಮ್ಮ ಮೇಘ. ‘ಮಿಥ್’ ಕೂಡ ಬೇರೆಯೇ: ಗ್ರೀಕಿನಲ್ಲಿ ‘ಮುಥೋಸ್’ ಎಂದರೆ ಆಡಿದ ಮಾತು.

ಪತ್ತೇದಾರಿ ಅರ್ಥ ತೀರ ಈಚಿನದು. 1841ರಲ್ಲಿ ಆ ಬಗೆಯ ಕಥೆಗೆ ಅಚ್ಚು ಹಾಕಿದ ಎಡ್ಗರ್ ಅಲನ್ ಪೋ ಅವನ್ನು ತರ್ಕದ ಕಥೆಗಳೆಂದು ಕರೆದ. ಕಾದಂಬರಿಯ ಒಂದು ಪ್ರಕಾರಕ್ಕೇ ಮಿಸ್ಟರಿ ಎಂಬ ಹೆಸರು ನೆಲೆಯಾದದ್ದು 20ನೇ ಶತಮಾನದಲ್ಲಿ.

ಕನ್ನಡಕ್ಕೆ ತರುವಾಗ ನಿಘಂಟಿಗಿಂತ ಕ್ರಿಯಾಪದ ಹೆಚ್ಚು ನೆರವಾಗುತ್ತದೆ. ಗುಟ್ಟು ರಟ್ಟಾಗುತ್ತದೆ, ರಹಸ್ಯ ಬಯಲಾಗುತ್ತದೆ, ಒಗಟನ್ನು ಬಿಡಿಸುತ್ತಾರೆ, ಮರ್ಮವನ್ನು ಅರಿಯುತ್ತಾರೆ. ಮೊದಲೆರಡರಲ್ಲಿ ಯಾರೋ ಬಲ್ಲವರು ಮುಚ್ಚಿಟ್ಟಿರಬೇಕು. ಒಗಟಿಗೆ ಉತ್ತರ ಒಡ್ಡಿದವನ ಬಳಿಯೇ ಇರಬೇಕು. ಆದ್ದರಿಂದ ವಿಜ್ಞಾನದ ಬರಹದಲ್ಲಿ ‘ಕಪ್ಪುದ್ರವ್ಯದ ರಹಸ್ಯ’ ಎಂದಾಗ ಯಾರೋ ಬಚ್ಚಿಟ್ಟಿದ್ದಾರೆಂಬ ಛಾಯೆ ನುಸುಳುತ್ತದೆ. ಅಲ್ಲಿ ‘ನಿಗೂಢ’ ಒಪ್ಪುತ್ತದೆ. ಎಲ್ಯೂಸಿಸ್‌ನದಕ್ಕೆ ‘ರಹಸ್ಯ ದೀಕ್ಷೆ’ ಸಾಕು. ಒಳಗಿನವರಿಗೆ ಮಾತ್ರ ತೆರೆದುಕೊಳ್ಳುವ ಅರ್ಥಕ್ಕೆ ಬೆಡಗಿನ ವಚನಗಳ ‘ಬೆಡಗು’ ಇನ್ನೂ ಹತ್ತಿರದ್ದು. ಆದರೆ ಇವತ್ತಿನ ಓದುಗರಿಗೆ ಬೆಡಗು ಎಂದರೆ ಬಿನ್ನಾಣ. ಬಳಸುವುದಾದರೆ ಒಂದು ಅಡಿಟಿಪ್ಪಣಿ ಬೇಕೇ ಬೇಕು.